ಸಂದಿಗೆ ಗಾರೆ ತುಂಬಿದವನು ನಾನೇ: ಸ್ಯಾನ್ ಹೋಸೆಯ ಒಂದು ಫುಟ್‌ಪಾತ್ ಪ್ರಕರಣ

2023ರ ನವೆಂಬರ್ ಎರಡನೇ ವಾರ, ಸಂಜೆ ಐದೂಮುಕ್ಕಾಲು. ಇಲ್ಲಿ ಚಳಿಗಾಲಕ್ಕೆ ಮುಂಚೆ ಮಾಡುವ ಹಾಗೆ ನವೆಂಬರ್ 5ಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿತ್ತು. ಹಿಂದಿನ ವಾರ ಇದೇ ಹೊತ್ತಿಗೆ ಬೆಳಕಿತ್ತು, ಈಗ ಕತ್ತಲು. ನಮ್ಮ ಮನೆ ಮುಂದಿನ ಫುಟ್‌ಪಾತ್‌ನಲ್ಲಿ ಪಕ್ಕದ ಬೀದಿಯ ವಿಯೆಟ್ನಾಮಿ ಅಜ್ಜಿಯೊಬ್ಬರು ಎಡವಿ ಬಿದ್ದರು. ಅವರು ದಿನಾ ಸಂಜೆ ಅದೇ ದಾರಿಯಲ್ಲಿ ನಡೆಯುವವರು. ನಾನು ಅಡುಗೆಮನೆಯಲ್ಲಿದ್ದೆ. ಹೊರಗೆ ಯಾರೋ ಕೂಗಿದ ಹಾಗಾಯಿತು. ಓಡಿ ಹೋಗಿ ನೋಡಿದರೆ ಅಜ್ಜಿ ಒಣಗಿದ ಎಲೆಗಳ ಮೇಲೆ ಕೂತಿದ್ದರು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು. ಮಣಿಕಟ್ಟು ನೇರವಾಗಿರಲಿಲ್ಲ. ಮುರಿದಿದೆ ಅಂತ ಹೇಳಲು ಡಾಕ್ಟರೇ ಬೇಕಿರಲಿಲ್ಲ.

ಮುಂದಿನ ಒಂಬತ್ತು ತಿಂಗಳಲ್ಲಿ ಏನಾಯಿತು ಅನ್ನುವುದನ್ನು ಮೊದಲಿಂದ ಕೊನೆತನಕ ಬರೆದಿಡುತ್ತಿದ್ದೇನೆ. ಇಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮನೆ ಕೊಂಡಿರುವ ಕನ್ನಡದವರು ಬಹಳ ಜನ ಇದ್ದೀರಿ. ಮನೆಯ ಒಳಗಿನ ಒಂದೊಂದು ನಲ್ಲಿಯ ಬಗ್ಗೆಯೂ ಗೊತ್ತಿರುತ್ತದೆ, ಮನೆ ಮುಂದೆ ಹಾದುಹೋಗುವ ನಾಲ್ಕಿಂಚು ದಪ್ಪದ ಕಾಂಕ್ರೀಟ್ ಬಗ್ಗೆ ಮಾತ್ರ ಏನೂ ಗೊತ್ತಿರುವುದಿಲ್ಲ. ನನಗಂತೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಅದಕ್ಕೆ ಕೈ ಹಾಕಿದ್ದೆ, ಅದು ಇನ್ನೂ ದೊಡ್ಡ ತಪ್ಪು.

ಮೊದಲು ಜಾಗ ಹೇಗಿತ್ತು ಹೇಳುತ್ತೇನೆ. ಮನೆ 1970ರ ದಶಕದ್ದು, ನಾವು ಕೊಂಡಿದ್ದು 2016ರಲ್ಲಿ. ರಸ್ತೆಯ ಅಂಚಿಗೂ ಫುಟ್‌ಪಾತ್‌ಗೂ ನಡುವೆ ಮಣ್ಣಿನ ಒಂದು ಪಟ್ಟಿ. ಅದರಲ್ಲಿ ಲಿಕ್ವಿಡ್‌ಆಂಬರ್ ಮರ. ಬಡಾವಣೆ ಕಟ್ಟಿದವರೇ ಸಾಲಾಗಿ ನೆಟ್ಟಿದ್ದು. ಶರತ್ಕಾಲದಲ್ಲಿ ಎಲೆಗಳು ಕುಂಕುಮದ ಬಣ್ಣಕ್ಕೆ ತಿರುಗುತ್ತವೆ, ಮನೆ ಕೊಳ್ಳುವಾಗ ನನ್ನ ಹೆಂಡತಿಗೆ ಆ ಮರವೇ ಇಷ್ಟವಾಗಿತ್ತು. ಆದರೆ ಅದರ ಬೇರು ಆಳಕ್ಕೆ ಇಳಿಯದೆ ಮೇಲ್ಮೇಲೆ ಹರಿಯುತ್ತದೆ, ಮುಳ್ಳುಮುಳ್ಳಾದ ಗುಂಡು ಕಾಯಿಗಳು ಉದುರಿ ಕಾಲಡಿ ಉರುಳುತ್ತವೆ. ಮರದ ಪಕ್ಕದಲ್ಲಿ ಫುಟ್‌ಪಾತ್‌ನ ಸ್ಲ್ಯಾಬ್. ಅದಕ್ಕೆ ತಾಗಿಕೊಂಡು ನಮ್ಮ ಡ್ರೈವ್‌ವೇ ದಾಟುವ ಜಾಗ, ಕಾರು ಹೋಗುವುದರಿಂದ ಅಲ್ಲಿ ಕಾಂಕ್ರೀಟ್ ಹೆಚ್ಚು ದಪ್ಪ. ಇವೆರಡರ ನಡುವೆ ಅರ್ಧ ಇಂಚು ಅಗಲದ ಒಂದು ಸಂದು. ಇಡೀ ಪ್ರಕರಣ ನಡೆದಿದ್ದು ಆ ಅರ್ಧ ಇಂಚಿನಲ್ಲಿ.

ಫುಟ್‌ಪಾತ್ ಮೇಲೆ ಕಾಣುವ ಗೆರೆಗಳೆಲ್ಲ ಒಂದೇ ಅಂತ ನಾನು ತಿಳಿದಿದ್ದೆ. ಅಲ್ಲ. ಐದೈದು ಅಡಿಗೆ ಒಂದರಂತೆ ಕಾಣುವ ಗೆರೆಗಳು ಬರೀ ಮೇಲಿನ ಗೆರೆಗಳು, ಸ್ಲ್ಯಾಬ್‌ನ ದಪ್ಪದ ಕಾಲುಭಾಗದಷ್ಟು ಮಾತ್ರ ಆಳ. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ, ಕುಗ್ಗಿದಾಗ ಎಲ್ಲೋ ಒಂದು ಕಡೆ ಸೀಳಲೇಬೇಕು. ಸೀಳುವುದಾದರೆ ಇಲ್ಲೇ ಸೀಳು ಅಂತ ಜಾಗ ತೋರಿಸುವುದು ಆ ಗೆರೆಯ ಕೆಲಸ. ಇನ್ನೊಂದು ಬಗೆಯದು ಎಕ್ಸ್‌ಪಾನ್ಶನ್ ಜಾಯಿಂಟ್. ಅದು ಮೇಲಿಂದ ಕೆಳಗಿನ ಮಣ್ಣಿನವರೆಗೆ ಪೂರ್ತಿ ಬಿಟ್ಟ ಸಂದು. ಡ್ರೈವ್‌ವೇ ಪಕ್ಕ, ದೀಪದ ಕಂಬದ ಸುತ್ತ, ಗೋಡೆಗೆ ತಾಗುವಲ್ಲಿ, ಅಂದರೆ ಬೇರೆ ಬೇರೆ ತೂಕದ, ಬೇರೆ ಬೇರೆ ರೀತಿ ಅಲುಗಾಡುವ ಎರಡು ವಸ್ತು ಸೇರುವ ಕಡೆ ಅದನ್ನು ಬಿಡುತ್ತಾರೆ. ಒಳಗೆ ಡಾಂಬರು ಕುಡಿಸಿದ ನಾರಿನ ಹಲಗೆ ಇರುತ್ತದೆ, ಒತ್ತಿದರೆ ಕುಗ್ಗುವಂಥದ್ದು. ಬೆಂಗಳೂರಿನ ಫ್ಲೈಓವರ್ ಮೇಲೆ ಹೋಗುವಾಗ ಟೈರ್ ಕೆಳಗೆ ಧಡಕ್ ಅನ್ನುತ್ತದಲ್ಲ, ಅದೂ ಇದೇ ಜಾತಿಯದು.

ಲೆಕ್ಕ ಸರಳ. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಕಾಂಕ್ರೀಟ್ ತನ್ನ ಉದ್ದದ ಲಕ್ಷದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ 30 ಮೀಟರ್ ಉದ್ದದ ಸಾಲು 30 ಡಿಗ್ರಿ ಬಿಸಿಯಾದರೆ 9 ಮಿಲಿಮೀಟರ್ ಹಿಗ್ಗಬೇಕು. ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಬೇಸಿಗೆಯಲ್ಲಿ ಸ್ಲ್ಯಾಬ್‌ನ ಮೇಲ್ಮೈ ಅಷ್ಟು ಬಿಸಿಯಾಗುವುದು ದೊಡ್ಡದೇನಲ್ಲ. ಆ 9 ಮಿಲಿಮೀಟರ್‌ಗೆ ಜಾಗ ಬೇಕು. ಜಾಗವೇ ಇಲ್ಲದಿದ್ದರೆ ಸ್ಲ್ಯಾಬ್‌ಗಳು ಒಂದಕ್ಕೊಂದು ತಲೆ ಕೊಟ್ಟು ತಳ್ಳುತ್ತವೆ, ಎಲ್ಲಿ ದುರ್ಬಲವೋ ಅಲ್ಲಿ ಅಂಚು ಒಡೆಯುತ್ತದೆ, ಇಲ್ಲವೇ ಒಂದು ಮೇಲೇಳುತ್ತದೆ.

2019ರ ಬೇಸಿಗೆಯಲ್ಲಿ ನಾನು ಮಾಡಿದ್ದು ಇದು. ಆ ಸಂದಿನ ನಾರಿನ ಹಲಗೆ ಪುಡಿಪುಡಿಯಾಗಿತ್ತು, ಅದರೊಳಗೆ ಹುಲ್ಲು ಬೆಳೆದಿತ್ತು. ನೋಡಲು ಚೆನ್ನಾಗಿರಲಿಲ್ಲ. ಒಂದು ಶನಿವಾರ ಹುಲ್ಲು ಕಿತ್ತು, ಹಲಗೆಯ ಚೂರುಗಳನ್ನು ಸ್ಕ್ರೂಡ್ರೈವರ್‌ನಲ್ಲಿ ಕೆದಕಿ ತೆಗೆದು, ಅಂಗಡಿಯಿಂದ ತಂದ ರೆಡಿಮಿಕ್ಸ್ ಗಾರೆ ಕಲಸಿ ಸಂದಿಗೆ ತುಂಬಿದೆ. ಮೇಲೆ ಕರಣೆಯಿಂದ ನೀಟಾಗಿ ಒರೆಸಿದೆ. ಮೊದಲು ಹೀಗಿತ್ತು, ಈಗ ಹೀಗಿದೆ ಅಂತ ಎರಡು ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಅಮ್ಮ ಕೈಮುಗಿಯುವ ಚಿತ್ರ ಕಳಿಸಿದರು. ಆ ಫೋಟೋಗಳು ಮುಂದೆ ಮತ್ತೆ ಬರುತ್ತವೆ, ನೆನಪಿರಲಿ.

ಮೂರು ವರ್ಷ ಏನೂ ಆಗಲಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರ ಇಲ್ಲಿ ಬಿಸಿಗಾಳಿ ಬೀಸಿತು, 6ನೇ ತಾರೀಕು ಸ್ಯಾನ್ ಹೋಸೆಯಲ್ಲಿ 109 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ಹತ್ತಿರ. ಆ ವಾರ ಕಳೆದ ಮೇಲೆ ನೋಡಿದರೆ ನನ್ನ ಗಾರೆ ಸೀಳಿತ್ತು, ಪಕ್ಕದ ಸ್ಲ್ಯಾಬ್‌ನ ಅಂಚಿನಿಂದ ಹೆಬ್ಬೆರಳಿನಷ್ಟು ದೊಡ್ಡ ಚಕ್ಕೆಗಳು ಎದ್ದಿದ್ದವು. ಆಮೇಲೆ 2023ರ ಜನವರಿಯ ಆ ಬಿಡದ ಮಳೆ ಬಂತು. ಬೇಸಿಗೆ ಶುರುವಾಗುವ ಹೊತ್ತಿಗೆ ಮರದ ಕಡೆಯ ಸ್ಲ್ಯಾಬ್ ಸ್ವಲ್ಪ ಎದ್ದಿರುವುದು ಬರಿಗಣ್ಣಿಗೇ ಕಾಣುತ್ತಿತ್ತು. ಕಸದ ಡಬ್ಬಿಯನ್ನು ರಸ್ತೆಗೆ ಎಳೆದುಕೊಂಡು ಹೋಗುವಾಗ ಗಾಲಿ ಅಲ್ಲಿ ತಡೆಯುತ್ತಿತ್ತು. "ರೀ, ಅದನ್ನ ಸರಿ ಮಾಡಿಸಿ, ಯಾರಾದ್ರೂ ಬೀಳ್ತಾರೆ" ಅಂತ ಹೆಂಡತಿ ಎರಡು ಸಲ ಹೇಳಿದಳು. ದೀಪಾವಳಿಗೆ ಊರಿಗೆ ಹೋಗಿ ಬಂದ ಮೇಲೆ ನೋಡೋಣ ಅಂದೆ. ದೀಪಾವಳಿಗೆ ಎರಡೋ ಮೂರೋ ದಿನ ಇದ್ದಾಗ ಅಜ್ಜಿ ಬಿದ್ದರು.

ಮಾರನೇ ಬೆಳಿಗ್ಗೆ ಎಲೆಗಳನ್ನು ಮುಟ್ಟದೆ ಮೊದಲು ಫೋಟೋ ತೆಗೆದೆ. ಆಮೇಲೆ ಎಲೆ ಸರಿಸಿ ಮತ್ತೆ ತೆಗೆದೆ, ಸ್ಟೀಲ್ ಸ್ಕೇಲನ್ನು ನೇರ ನಿಲ್ಲಿಸಿ. ಎದ್ದ ಅಂಚಿನ ಎತ್ತರ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ, 29 ಮಿಲಿಮೀಟರ್. ಎತ್ತರಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಅದರ ಬಾಯಿ. ಚಕ್ಕೆ ಎದ್ದು ಗರಗಸದ ಹಲ್ಲಿನ ಹಾಗಾಗಿತ್ತು. ಅಜ್ಜಿಯ ಬಟ್ಟೆಯ ಚಪ್ಪಲಿಯ ಮುಂತುದಿ ಅದರಲ್ಲಿ ಸಿಕ್ಕಿರಬೇಕು, ಒಂದು ಹಲ್ಲಿನಲ್ಲಿ ಕಪ್ಪು ದಾರದ ಎಳೆ ಇನ್ನೂ ಸಿಕ್ಕಿಕೊಂಡೇ ಇತ್ತು. ಅದನ್ನು ನೋಡುತ್ತಾ ತುಂಬಾ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದೆ.

ಅವತ್ತೇ ಗೆಳೆಯರ ಸಲಹೆಗಳು ಶುರುವಾದವು. ಅವರ ಮನೆಗೆ ಹೋಗಬೇಡ, ಸಾರಿ ಅಂದರೆ ತಪ್ಪೊಪ್ಪಿಕೊಂಡ ಹಾಗೆ. ಫುಟ್‌ಪಾತ್ ಮುಟ್ಟಬೇಡ, ರಿಪೇರಿ ಮಾಡಿದರೆ ನಿನ್ನದೇ ತಪ್ಪು ಅಂತ ಸಾಬೀತಾಗುತ್ತೆ. ಈ ಎರಡೂ ಮಾತು ಇಲ್ಲಿ ನಮ್ಮ ಜನರಲ್ಲಿ ಎಷ್ಟು ಬೇರು ಬಿಟ್ಟಿವೆ ಅಂದರೆ ನಾನು ಒಂದು ದಿನ ಪೂರ್ತಿ ಹೆದರಿ ಮನೆಯಲ್ಲೇ ಕೂತೆ. ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಆ ಅಜ್ಜಿ ಕೈ ಮುರ್ಕೊಂಡಿದಾರೆ ಅಂತೀಯ, ಇನ್ನೂ ಹೋಗಿ ಮಾತಾಡಿಸಿಲ್ವೇನೋ?" ಅಂದರು. ಅಷ್ಟೇ ಸಾಕಾಯಿತು. ಹಣ್ಣು ತಗೊಂಡು ಗಂಡ ಹೆಂಡತಿ ಇಬ್ಬರೂ ಹೋದೆವು.

ಕಾನೂನು ಅಮ್ಮನ ಕಡೆಗೇ ಇತ್ತು ಅಂತ ಆಮೇಲೆ ಗೊತ್ತಾಯಿತು. ಕ್ಯಾಲಿಫೋರ್ನಿಯಾದ ಎವಿಡೆನ್ಸ್ ಕೋಡ್, ಅಂದರೆ ಸಾಕ್ಷ್ಯದ ಕಾಯ್ದೆಯ 1160ನೇ ಸೆಕ್ಷನ್ ಪ್ರಕಾರ, ಅಪಘಾತದಲ್ಲಿ ನೊಂದವರಿಗೆ ಅಥವಾ ಅವರ ಮನೆಯವರಿಗೆ ಹೇಳಿದ ಮರುಕದ ಮಾತನ್ನು ಹೊಣೆ ಒಪ್ಪಿಕೊಂಡಿದ್ದಕ್ಕೆ ಸಾಕ್ಷಿಯಾಗಿ ತರುವಂತಿಲ್ಲ. "ನಿಮಗೆ ಹೀಗಾಯಿತಲ್ಲ, ತುಂಬಾ ಬೇಜಾರಾಯಿತು" ಅನ್ನಬಹುದು. ಆದರೆ ಅದರ ಜೊತೆಗೆ "ತಪ್ಪು ನನ್ನದೇ" ಅಂದರೆ ಆ ಭಾಗಕ್ಕೆ ರಕ್ಷಣೆ ಇಲ್ಲ. ರಿಪೇರಿಯದೂ ಹಾಗೇ. ಅದೇ ಕೋಡ್‌ನ 1151ನೇ ಸೆಕ್ಷನ್ ಹೇಳುವಂತೆ, ಅವಘಡ ಆದ ಮೇಲೆ ಮಾಡಿದ ರಿಪೇರಿಯನ್ನು ಹಿಂದಿನ ಅಜಾಗರೂಕತೆಗೆ ಪುರಾವೆಯಾಗಿ ಬಳಸುವಂತಿಲ್ಲ. ಯಾಕೆ ಅಂದರೆ, ಹಾಗೆ ಬಳಸಬಹುದು ಅಂತಾದರೆ ಯಾರೂ ರಿಪೇರಿಯೇ ಮಾಡುವುದಿಲ್ಲ, ಇನ್ನೊಬ್ಬರು ಬೀಳುತ್ತಾರೆ. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟೋ ಮನೆಗಳ ಮುಂದೆ ಎದ್ದ ಸ್ಲ್ಯಾಬ್ ಹಾಗೇ ಬಿದ್ದಿರುತ್ತದೆ ಅನ್ನೋದೇ ನನಗೆ ಸಂಕಟ. ಫೋಟೋ, ಅಳತೆ ಮೊದಲು ತೆಗೆದುಕೊಳ್ಳಿ, ಇನ್ಶೂರೆನ್ಸ್‌ನವರಿಗೆ ತಿಳಿಸಿ, ಆಮೇಲೆ ತಡಮಾಡದೆ ಸರಿಮಾಡಿ. ನಾನು ಅದೇ ವಾರ ಎದ್ದ ಅಂಚಿಗೆ ಕಿತ್ತಳೆ ಬಣ್ಣ ಬಳಿದು, ತಣ್ಣನೆಯ ಡಾಂಬರು ಮಿಶ್ರಣ ತಂದು ಇಳಿಜಾರು ಮಾಡಿ ಒತ್ತಿದೆ. ಅದು ತಾತ್ಕಾಲಿಕ, ಆದರೆ ಗಾಲಿ ಕೂಡ ತಡೆಯಲಿಲ್ಲ.

ಈಗ ಮುಖ್ಯ ಪ್ರಶ್ನೆ. ಫುಟ್‌ಪಾತ್ ಯಾರದು? ನಡೆಯುವವರು ಎಲ್ಲರೂ. ಜಾಗ ಸಾರ್ವಜನಿಕ. ಹಾಗಿದ್ದ ಮೇಲೆ ಹೊಣೆ ನನ್ನದು ಹೇಗೆ?

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಎರಡು ಪದರ ಇದೆ. ಮೊದಲನೆಯದು ರಿಪೇರಿಯ ಹೊಣೆ. ರಾಜ್ಯದ ಸ್ಟ್ರೀಟ್ಸ್ ಅಂಡ್ ಹೈವೇಸ್ ಕೋಡ್‌ನ 5610ನೇ ಸೆಕ್ಷನ್ ಪ್ರಕಾರ, ಮನೆ ಮುಂದಿನ ಫುಟ್‌ಪಾತನ್ನು ಯಾರಿಗೂ ಅಪಾಯವಾಗದ ಹಾಗೆ ಇಟ್ಟುಕೊಳ್ಳಬೇಕಾದ್ದು ಆ ಜಾಗದ ಮಾಲೀಕ. ನಗರದವರು ನೋಟಿಸ್ ಕೊಟ್ಟು ಎರಡು ವಾರದಲ್ಲಿ ಕೆಲಸ ಶುರುವಾಗದಿದ್ದರೆ ಅವರೇ ಮಾಡಿಸಿ ಖರ್ಚನ್ನು ಆಸ್ತಿಯ ಮೇಲೆ ಹಾಕಬಹುದು. ಆದರೆ ಬಿದ್ದವರಿಗೆ ಪರಿಹಾರ ಕೊಡುವ ಹೊಣೆ ಬೇರೆ, ಅದು ಎರಡನೇ ಪದರ. ರಾಜ್ಯದ ಕೋರ್ಟುಗಳು ದಶಕಗಳಿಂದ ಹೇಳುತ್ತಾ ಬಂದಿದ್ದು, ರಿಪೇರಿ ಮಾಡಿಸುವ ಹೊಣೆ ನಗರದ ಎದುರಿಗೆ ಇರುವ ಹೊಣೆ, ದಾರಿಹೋಕರ ಎದುರಿಗೆ ಇರುವುದಲ್ಲ ಅಂತ. 1989ರಲ್ಲಿ ಇದೇ ಸ್ಯಾನ್ ಹೋಸೆಯ ಒಂದು ಪ್ರಕರಣದಲ್ಲಿ, ವಿಲಿಯಮ್ಸ್ ವಿರುದ್ಧ ಫಾಸ್ಟರ್ ಅಂತ ಅದರ ಹೆಸರು, ಕೋರ್ಟು ಮನೆಯವರ ಪರ ನಿಂತಿತು: ಬಿದ್ದವರಿಗೂ ಮಾಲೀಕನೇ ಹೊಣೆ ಅನ್ನಬೇಕಾದರೆ ನಗರದ ಕಾಯ್ದೆ ಅದನ್ನು ಬಿಡಿಸಿ ಹೇಳಬೇಕು, ನಿಮ್ಮ ಕಾಯ್ದೆ ಹೇಳಿಲ್ಲ.

ಆಮೇಲೆ ನಗರ ಬಿಡಿಸಿ ಬರೆಯಿತು. ಫುಟ್‌ಪಾತ್ ಅಪಾಯಕಾರಿಯಾಗಲು ಬಿಟ್ಟು ಯಾರಿಗಾದರೂ ಗಾಯವಾದರೆ ಪಕ್ಕದ ಆಸ್ತಿಯ ಮಾಲೀಕನೇ ಹೊಣೆ, ಫುಟ್‌ಪಾತ್ ಅಂದರೆ ರಸ್ತೆಯಂಚಿನ ಮಣ್ಣಿನ ಪಟ್ಟಿ, ಅಲ್ಲಿರುವ ಮರ ಕೂಡ ಸೇರಿ. ಅದು ಸಂವಿಧಾನಕ್ಕೆ ವಿರುದ್ಧ ಅಂತ ಒಂದು ಮನೆಯವರು ವಾದಿಸಿದರು. ಗೊನ್ಸಾಲೆಸ್ ವಿರುದ್ಧ ಸಿಟಿ ಆಫ್ ಸ್ಯಾನ್ ಹೋಸೆ ಪ್ರಕರಣದಲ್ಲಿ 2004ರಲ್ಲಿ ಮೇಲ್ಮನವಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಇದರಿಂದ ನಗರದ ಹೊಣೆ ಅಳಿಸಿಹೋಗುವುದಿಲ್ಲ, ಮಾಲೀಕನೂ ಹೊಣೆಗಾರನಾಗುತ್ತಾನೆ ಅನ್ನುವುದು ಅದರ ತಿರುಳು. 2007ರಲ್ಲಿ ಸ್ಯಾಕ್ರಮೆಂಟೊದ ಅಂಥದ್ದೇ ಕಾಯ್ದೆಯೂ ಊರ್ಜಿತವಾಯಿತು. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ಹೊಣೆ ಏನು ಅನ್ನುವುದು ನಿಮ್ಮ ಮನೆ ಯಾವ ನಗರದ ಗಡಿಯೊಳಗಿದೆ ಅನ್ನುವುದರ ಮೇಲೆ ಹೋಗುತ್ತದೆ. ನಿಮ್ಮ ನಗರದ ಮುನಿಸಿಪಲ್ ಕೋಡ್ ತೆಗೆದು ಫುಟ್‌ಪಾತ್ ಅನ್ನುವ ಕಡೆ ಓದಿ. ಅರ್ಧ ಗಂಟೆಯ ಕೆಲಸ.

ನನ್ನ ಪ್ರಕರಣದಲ್ಲಿ ಮೂರನೇ ಎಳೆಯೂ ಇತ್ತು, ಅದೇ ನನ್ನ ಗಾರೆ. ಅಂಥ ಕಾಯ್ದೆ ಇಲ್ಲದ ಊರಿನಲ್ಲೂ, ಮಾಲೀಕ ತನ್ನ ಕೈಯಾರೆ ಅಪಾಯ ಹುಟ್ಟಿಸಿದ್ದರೆ ಕೋರ್ಟಿನ ತೀರ್ಪುಗಳಿಂದ ಬೆಳೆದುಬಂದ ಹಳೆಯ ಕಾನೂನಿನ ಪ್ರಕಾರವೇ ಅವನು ಹೊಣೆ. ಸುಮ್ನೆ ಬಿಟ್ಟಿದ್ದು ಬೇರೆ, ಕೈ ಹಾಕಿ ಕೆಡಿಸಿದ್ದು ಬೇರೆ. ಹುಲ್ಲು ಬೆಳೆದ ಆ ಸಂದನ್ನು ಹಾಗೇ ಬಿಟ್ಟಿದ್ದರೆ ನನ್ನ ಸ್ಥಿತಿ ಇಷ್ಟು ಇಕ್ಕಟ್ಟಾಗುತ್ತಿರಲಿಲ್ಲ.

ಇದರ ಎದುರಿಗೆ ಇರುವ ವಾದವೂ ಇದೆ, ಅದನ್ನೂ ಹೇಳಬೇಕು. ಕೋರ್ಟುಗಳು ಸಣ್ಣಪುಟ್ಟ ಏರುಪೇರನ್ನೆಲ್ಲ ಅಪಾಯ ಅಂತ ಪರಿಗಣಿಸುವುದಿಲ್ಲ. ಯಾವ ನಗರದ ಫುಟ್‌ಪಾತೂ ಕನ್ನಡಿಯ ಹಾಗೆ ಇರಲಾರದು. 1937ರಲ್ಲೇ ರಾಜ್ಯದ ಸುಪ್ರೀಂ ಕೋರ್ಟು ಮುಕ್ಕಾಲು ಇಂಚಿನ ಏರನ್ನು ಕ್ಷುಲ್ಲಕ ಅಂದಿತ್ತು. 2019ರಲ್ಲಿ ಟೆಮೆಕ್ಯುಲಾ ನಗರದ ಪ್ರಕರಣದಲ್ಲಿ ಏರು ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚಿನಿಂದ ಒಂದೂಕಾಲು ಇಂಚಿನ ಹತ್ತಿರದವರೆಗೆ ಇತ್ತು. ಹಗಲು ಬೆಳಕು, ಮುಚ್ಚಿದ್ದು ಏನೂ ಇಲ್ಲ, ಅದೂ ಕ್ಷುಲ್ಲಕ ಅಂತಾಯಿತು. ಆದರೆ 2023ರಲ್ಲಿ ಲೆಮೂರ್ ನಗರದ ಪ್ರಕರಣದಲ್ಲಿ ಒಂದೂ ಮುಕ್ಕಾಲು ಇಂಚು ಎದ್ದಿದ್ದ ಸ್ಲ್ಯಾಬ್ ಕ್ಷುಲ್ಲಕವಲ್ಲ ಅಂತ ತೀರ್ಮಾನವಾಯಿತು. ಅಜ್ಜಿ ಬಿದ್ದ ಜಾಗ 29 ಮಿಲಿಮೀಟರ್, ಅಂದರೆ ಟೆಮೆಕ್ಯುಲಾದ ಅತಿ ಹೆಚ್ಚಿನ ಏರಿಗೆ ಹತ್ತಿರ, ಲೆಮೂರ್‌ನದಕ್ಕಿಂತ ಕಡಿಮೆ. ಅಲ್ಲಿ ಇಂಚಿನ ಲೆಕ್ಕ ಒಂದೇ ನಡೆಯುವುದಿಲ್ಲ. ಕತ್ತಲಿತ್ತಾ? ಇತ್ತು. ಎಲೆ ಮುಚ್ಚಿತ್ತಾ? ಮುಚ್ಚಿತ್ತು. ಅಂಚು ಒಡೆದು ಮೊನಚಾಗಿತ್ತಾ? ಆಗಿತ್ತು. ಅವರಿಗೆ ಆ ದಾರಿ ಗೊತ್ತಿತ್ತಾ? ಗೊತ್ತಿತ್ತು, ಆದರೆ ಅದೊಂದೇ ನನ್ನ ಕಡೆಗಿದ್ದ ಅಂಶ. ಬಿದ್ದವರ ಅಜಾಗರೂಕತೆ ಎಷ್ಟಿದೆಯೋ ಅಷ್ಟು ಪಾಲು ಪರಿಹಾರ ಕಡಿಮೆಯಾಗುವ ಪದ್ಧತಿ ಇಲ್ಲಿ 1975ರಿಂದ ಇದೆ. ಹಾಗಂತ ಎಪ್ಪತ್ತು ದಾಟಿದ ಅಜ್ಜಿ ನೋಡಿಕೊಂಡು ನಡೆಯಬೇಕಿತ್ತು ಅಂತ ವಾದಿಸಲು ನನಗೆ ಬಾಯಿ ಬರಲಿಲ್ಲ.

ಬೇರೆ ಊರುಗಳಲ್ಲಿ ಇದನ್ನೇ ಬೇರೆ ರೀತಿ ಹಂಚಿದ್ದಾರೆ. ನ್ಯೂಯಾರ್ಕ್ ನಗರ 2003ರ ಸೆಪ್ಟೆಂಬರ್‌ನಲ್ಲಿ ಹೊಣೆಯನ್ನು ಮಾಲೀಕರ ಮೇಲೆ ಹಾಕಿತು, ಆದರೆ ಒಂದರಿಂದ ಮೂರು ಕುಟುಂಬದ, ಮಾಲೀಕರೇ ವಾಸವಿರುವ ಮನೆಗಳನ್ನು ಬಿಟ್ಟಿತು. ಲಾಸ್ ಏಂಜಲೀಸ್‌ನಲ್ಲಿ ಅಂಗವಿಕಲರು ಹಾಕಿದ ದಾವೆಯ ರಾಜಿಯಲ್ಲಿ ನಗರವೇ 30 ವರ್ಷಗಳಲ್ಲಿ ಸುಮಾರು 140 ಕೋಟಿ ಡಾಲರ್ ಫುಟ್‌ಪಾತ್‌ಗೆ ಖರ್ಚು ಮಾಡುವುದಾಗಿ ಒಪ್ಪಿತು. ನನಗೆ ನ್ಯೂಯಾರ್ಕಿನ ವಿನಾಯಿತಿ ಹೆಚ್ಚು ಸರಿ ಅನ್ನಿಸುತ್ತದೆ. ಬೇರು ಬೀದಿ ಮರದ್ದು, ನಡೆಯುವವರು ಊರಿನವರು, ಸ್ಲ್ಯಾಬ್ ಹಾಕಿದ್ದು ಯಾರೋ. ಒಂದು ಮನೆಯವರ ತಲೆ ಮೇಲೆ ಪೂರ್ತಿ ಹಾಕುವುದು ನ್ಯಾಯವಲ್ಲ. ಆದರೆ ಕಾಯ್ದೆ ಇರುವಷ್ಟು ದಿನ ಹಾಗಂತ ಹೇಳಿಕೊಂಡು ಕೂರುವುದರಿಂದ ಯಾರ ಕೈಯೂ ಉಳಿಯುವುದಿಲ್ಲ. ಮೈಸೂರಿನಲ್ಲಿರುವ ತಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವನು ನಂಬಲೇ ಇಲ್ಲ. ನಮ್ಮಲ್ಲಿ ಚರಂಡಿ ಮೇಲಿನ ಚಪ್ಪಡಿ ಕುಸಿದು ಯಾರಾದರೂ ಬಿದ್ದರೆ ಪಾಲಿಕೆಯನ್ನು ಬೈಯುತ್ತೇವೆ, ಎದುರಿನ ಮನೆಯವರನ್ನು ಅಲ್ಲ. 2025ರ ಮೇನಲ್ಲಿ ಭಾರತದ ಸುಪ್ರೀಂ ಕೋರ್ಟ್ ಕೂಡ ನಡೆಯಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಹಕ್ಕಿನೊಳಗೇ ಬರುತ್ತದೆ ಅಂತ ಹೇಳಿ ಸರ್ಕಾರಗಳತ್ತಲೇ ಬೊಟ್ಟು ಮಾಡಿತು.

ಇನ್ಶೂರೆನ್ಸ್ ವಿಷಯ. ಮನೆಯ ಪಾಲಿಸಿಯನ್ನು ನಾನು ಅಲ್ಲಿಯವರೆಗೆ ಬೆಂಕಿ, ಕಳ್ಳತನಕ್ಕೆ ಅಂತ ಮಾತ್ರ ಅಂದುಕೊಂಡಿದ್ದೆ. ಅದರಲ್ಲಿ ಎರಡು ಭಾಗ ಇಲ್ಲಿ ಕೆಲಸಕ್ಕೆ ಬರುತ್ತವೆ. ಒಂದು, ವೈಯಕ್ತಿಕ ಹೊಣೆಯ ಭಾಗ. ಯಾರಾದರೂ ದಾವೆ ಹಾಕಿದರೆ ವಕೀಲರನ್ನು ಇಟ್ಟು, ಮಿತಿಯೊಳಗೆ ಪರಿಹಾರ ಕೊಡುವುದು. ಇನ್ನೊಂದು, ಬೇರೆಯವರ ಔಷಧೋಪಚಾರದ ಭಾಗ. ಇದು ಸಣ್ಣ ಮೊತ್ತ, ಸಾಮಾನ್ಯವಾಗಿ 1,000ದಿಂದ 5,000 ಡಾಲರ್. ಆದರೆ ಯಾರ ತಪ್ಪು ಅಂತ ಕೇಳದೆ ಕೊಡುತ್ತಾರೆ. ಬಿದ್ದಿದ್ದು ನನ್ನ ಜಾಗದೊಳಗಲ್ಲವಲ್ಲ, ಸಿಗುತ್ತದಾ ಅಂತ ಅನುಮಾನ ಇತ್ತು. ಪಾಲಿಸಿ ತೆಗೆದು ಓದಿದೆ. ವಿಮೆ ಮಾಡಿದ ಜಾಗಕ್ಕೆ ತಾಗಿಕೊಂಡಿರುವ ದಾರಿಗಳಲ್ಲಿನ ಸ್ಥಿತಿಯಿಂದ ಆದ ಗಾಯವೂ ಸೇರುತ್ತದೆ ಅಂತ ಒಂದು ಸಾಲು ಇತ್ತು. ಆ ಸಾಲಿನ ಅರ್ಥ ಫುಟ್‌ಪಾತ್. ನಿಮ್ಮ ಪಾಲಿಸಿಯಲ್ಲಿ ಆ ಸಾಲು ಇದೆಯಾ, ಹೊಣೆಯ ಮಿತಿ ಎಷ್ಟಿದೆ ಅಂತ ಇವತ್ತೇ ನೋಡಿ. ನನ್ನದು 1 ಲಕ್ಷ ಡಾಲರ್ ಇತ್ತು. ಈ ಊರಿನ ಆಸ್ಪತ್ರೆಯ ಬಿಲ್ಲು ನೋಡಿದವರಿಗೆ ಅದು ಎಷ್ಟು ಕಡಿಮೆ ಅಂತ ಗೊತ್ತು.

ಇನ್ಶೂರೆನ್ಸ್ ಕಂಪನಿಯಿಂದ ಅಡ್ಜಸ್ಟರ್, ಅಂದರೆ ಪ್ರಕರಣ ಪರಿಶೀಲಿಸುವವರು, ಬಂದು ಅಳೆದು ಫೋಟೋ ತೆಗೆದುಕೊಂಡರು. ಅವರು ಸಹಜವಾಗಿ ಕೇಳಿದ ಪ್ರಶ್ನೆ: "ಈ ಸಂದಿನಲ್ಲಿ ಗಾರೆ ಯಾರು ಹಾಕಿದ್ದು?" ಹಿಂದಿನ ಮಾಲೀಕರು ಅಂತ ಹೇಳಬಹುದಿತ್ತು, ಯಾರು ನೋಡಿದ್ದಾರೆ ಅಂತ ಮನಸ್ಸಿಗೆ ಒಂದು ಕ್ಷಣ ಬಂತು. 2019ರ ಆ ಎರಡು ಫೋಟೋ ತೆಗೆದು ಕೊಟ್ಟೆ. ಸುಳ್ಳು ಹೇಳಿದ್ದರೆ ವಿಮೆಯ ರಕ್ಷಣೆಯೇ ಕೈತಪ್ಪುವ ಅಪಾಯ ಇತ್ತು ಅಂತ ಆಮೇಲೆ ಪರಿಚಯದ ವಕೀಲರೊಬ್ಬರು ಹೇಳಿದರು. ನಾನು ಅದಕ್ಕೆ ಕೊಟ್ಟಿದ್ದಲ್ಲ. ಆ ಅಜ್ಜಿ ಪ್ಲಾಸ್ಟರ್ ಹಾಕಿದ ಕೈಯಲ್ಲೇ ನಮಗೆ ಟೀ ಬಗ್ಗಿಸಿ ಕೊಟ್ಟಿದ್ದರು.

ಜನವರಿಯಲ್ಲಿ ಪಕ್ಕಾ ರಿಪೇರಿ. ಮೊದಲು ನಗರದ ಪರವಾನಗಿ, ಬೇರು ಕತ್ತರಿಸುವುದಕ್ಕೂ ಅನುಮತಿ. ಮರವನ್ನು ಸ್ವಂತ ಇಷ್ಟಕ್ಕೆ ಮುಟ್ಟುವ ಹಾಗಿಲ್ಲ. ಕಾಂಕ್ರೀಟ್ ಮೇಸ್ತ್ರಿ ಮೆಕ್ಸಿಕೋದವರು, ಮೂವತ್ತು ವರ್ಷದಿಂದ ಇದೇ ಕೆಲಸ. ಅಂಚನ್ನು ಬರೀ ಅರೆದು ಸಮ ಮಾಡಬಹುದಾ ಅಂತ ಕೇಳಿದೆ. ಏರು ಕಡಿಮೆ ಇದ್ದರೆ ಅದೇ ಸುಲಭದ ದಾರಿ, ಒಂದು ಮಧ್ಯಾಹ್ನದ ಕೆಲಸ, ಖರ್ಚೂ ಕಡಿಮೆ. ಬೇಸಿಗೆಯಲ್ಲಿ ಹೆಂಡತಿ ಹೇಳಿದಾಗಲೇ ಕರೆದಿದ್ದರೆ ಅದರಲ್ಲೇ ಮುಗಿಯುತ್ತಿತ್ತು. ಈಗ ಒಂದು ಇಂಚಿಗೂ ಜಾಸ್ತಿ ಅರೆದರೆ ನಾಲ್ಕಿಂಚಿನ ಸ್ಲ್ಯಾಬ್‌ನಲ್ಲಿ ಅಂಚಿನ ಕಡೆ ಮೂರಿಂಚೂ ಉಳಿಯುವುದಿಲ್ಲ, ಕೆಳಗೆ ಬೇರು ತಳ್ಳುತ್ತಲೇ ಇರುತ್ತದೆ ಅಂದರು. ಸ್ಲ್ಯಾಬ್ ತೆಗೆಯುವುದೇ ಸರಿ.

ಅವರು ಮೊದಲು ಉಳಿ ಇಟ್ಟು ನನ್ನ ಗಾರೆಯನ್ನು ಎಬ್ಬಿಸಿದರು. ಅದು ಒಂದಿಂಚು ಆಳ ಮಾತ್ರ ಇತ್ತು, ಅದರ ಕೆಳಗೆ ಪೊಳ್ಳು. ಚೂರನ್ನು ನನ್ನ ಕೈಗೆ ಕೊಟ್ಟು ತೋರಿಸಿದರು. ಪೂರ್ತಿ ಆಳಕ್ಕೆ ಮೆತ್ತನೆಯ ಹಲಗೆ ಇದ್ದಾಗ ತಳ್ಳುವ ಬಲ ಇಡೀ ದಪ್ಪಕ್ಕೆ ಹಂಚಿಹೋಗುತ್ತದೆ. ಗಟ್ಟಿ ಗಾರೆ ಮೇಲಿನ ಒಂದಿಂಚಿನಲ್ಲಿ ಮಾತ್ರ ಇದ್ದಿದ್ದರಿಂದ ಸೆಪ್ಟೆಂಬರಿನ ಆ ಬಿಸಿಯಲ್ಲಿ ಎರಡು ಸ್ಲ್ಯಾಬ್‌ಗಳ ಪೂರ್ತಿ ಒತ್ತಡ ಮೇಲಂಚಿಗೇ ಬಿತ್ತು, ಅಂಚು ಚಕ್ಕೆಯಾಯಿತು. ಸಂದಿನಲ್ಲಿ ಮರಳು, ಜಲ್ಲಿ ತುಂಬಿಕೊಂಡರೂ ಇದೇ ಗತಿಯಂತೆ. ಆಮೇಲೆ ಸ್ಲ್ಯಾಬ್ ಕತ್ತರಿಸಿ ಎತ್ತಿದರು. ಕೆಳಗೆ ಬೇರು, ನನ್ನ ಮುಂಗೈ ದಪ್ಪ. ಕೆಳಭಾಗ ದುಂಡಗಿತ್ತು, ಮೇಲ್ಭಾಗ ಇಸ್ತ್ರಿ ಮಾಡಿದ ಹಾಗೆ ಚಪ್ಪಟೆ, ಕಾಂಕ್ರೀಟಿಗೆ ಬೆನ್ನು ಕೊಟ್ಟು ವರ್ಷಗಟ್ಟಲೆ ತಳ್ಳಿದ ಗುರುತು. ಸ್ಲ್ಯಾಬ್‌ನ ಅಡಿಯಲ್ಲಿ ತೇವ ಉಳಿಯುತ್ತದೆ, ಗಾಳಿಯೂ ಸಿಗುತ್ತದೆ, ಬೇರಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮೇಸ್ತ್ರಿ ಬೇರನ್ನೂ ನೋಡಿ ನನ್ನನ್ನೂ ನೋಡಿ ಹೇಳಿದ್ದು: "ಎತ್ತಿದ್ದು ಬೇರು. ಬಾಯಿ ಒಡೆದಿದ್ದು ನಿಮ್ಮ ಗಾರೆ." ಇದಕ್ಕಿಂತ ಸರಿಯಾಗಿ ಯಾವ ಎಂಜಿನಿಯರೂ ಹೊಣೆ ಹಂಚಲಾರರು. ಬರೀ ಬೇರು ಎತ್ತಿದ್ದರೆ ಅಂಚು ದುಂಡಗೇ ಇರುತ್ತಿತ್ತು, ಚಪ್ಪಲಿ ಜಾರಿ ಮುಂದೆ ಹೋಗುತ್ತಿತ್ತೋ ಏನೋ.

ಹೊಸ ಸ್ಲ್ಯಾಬ್ ಹಾಕಿದ ರೀತಿ ಹೇಳಿಬಿಡುತ್ತೇನೆ, ನೀವೂ ಮಾಡಿಸುವಾಗ ನಿಂತು ನೋಡಿ. ಬೇರನ್ನು ಮರಕ್ಕೆ ಪೆಟ್ಟಾಗದಷ್ಟು ದೂರದಲ್ಲಿ ಕತ್ತರಿಸಿದರು, ಜಲ್ಲಿ ಹಾಸಿ ಕುಟ್ಟಿದರು, ಡ್ರೈವ್‌ವೇ ಕಡೆ ಅರ್ಧ ಇಂಚಿನ ನಾರಿನ ಹಲಗೆಯನ್ನು ಮೇಲಿಂದ ತಳದವರೆಗೆ ನಿಲ್ಲಿಸಿ ಆಮೇಲೆ ಕಾಂಕ್ರೀಟ್ ಸುರಿದರು. ಅಂಚನ್ನು ಉಪಕರಣದಿಂದ ದುಂಡಗೆ ಮಾಡಿ, ನಡೆಯುವ ದಿಕ್ಕಿಗೆ ಅಡ್ಡವಾಗಿ ಪೊರಕೆಯಲ್ಲಿ ಗೀರಿದರು, ಮಳೆಯಲ್ಲಿ ಜಾರಬಾರದು ಅಂತ. ಅಂಗವಿಕಲರ ಕಾಯ್ದೆಯ ಅಳತೆಯೂ ಅವರ ಬಾಯಲ್ಲೇ ಇತ್ತು. ಕಾಲು ಇಂಚಿನವರೆಗಿನ ಏರು ಹಾಗೇ ಇರಬಹುದು, ಅರ್ಧ ಇಂಚಿನವರೆಗೆ ಓರೆ ಮಾಡಬೇಕು, ಅದಕ್ಕಿಂತ ಜಾಸ್ತಿ ಇದ್ದರೆ ಇಳಿಜಾರೇ ಬೇಕು. ಕೋರ್ಟಿನ ಕ್ಷುಲ್ಲಕ ಅನ್ನುವ ಅಳತೆಗೂ ಇದಕ್ಕೂ ಎಷ್ಟು ಅಂತರ ನೋಡಿ. ನಾನಂತೂ ಕಾಲು ಇಂಚನ್ನೇ ನನ್ನ ಅಳತೆಯಾಗಿ ಇಟ್ಟುಕೊಂಡಿದ್ದೇನೆ.

ಫೆಬ್ರವರಿಯಲ್ಲಿ ಅಜ್ಜಿಯ ಮಗನ ಕಡೆಯಿಂದ ವಕೀಲರ ಪತ್ರ ಬಂತು. ನಗರಕ್ಕೂ ಪ್ರತ್ಯೇಕ ಕ್ಲೇಮ್ ಹೋಗಿತ್ತು. ಸಾರ್ವಜನಿಕ ಸಂಸ್ಥೆಯ ಮೇಲೆ ಕ್ಲೇಮ್ ಹಾಕಲು ಇಲ್ಲಿ ಆರು ತಿಂಗಳು ಮಾತ್ರ ಅವಕಾಶ, ಖಾಸಗಿಯವರ ಮೇಲೆ ದಾವೆ ಹಾಕಲು ಎರಡು ವರ್ಷ. ಮಗ ಒಂದು ದಿನ ಬಂದು, "ಕೋಪದಿಂದ ಅಲ್ಲ, ಫಿಸಿಯೋಥೆರಪಿಯ ಖರ್ಚು ಎಲ್ಲಿಂದ ತರಲಿ" ಅಂದ. ನನಗೆ ಅರ್ಥವಾಯಿತು. ನನ್ನ ತಾಯಿ ಬಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಔಷಧೋಪಚಾರದ ಭಾಗದ ಹಣ ಮೊದಲೇ ಹೋಗಿತ್ತು. ಉಳಿದಿದ್ದನ್ನು ಆಗಸ್ಟ್‌ನಲ್ಲಿ ಇನ್ಶೂರೆನ್ಸ್ ಕಂಪನಿ ಮಿತಿಯೊಳಗೇ ರಾಜಿಯಲ್ಲಿ ಮುಗಿಸಿತು. ಕೋರ್ಟಿಗೆ ಹೋಗಲಿಲ್ಲ. ಮೊತ್ತ ಅವರ ಮನೆಯ ವಿಷಯ, ಇಲ್ಲಿ ಬರೆಯುವುದಿಲ್ಲ. ನನ್ನ ಪ್ರೀಮಿಯಂ ಮುಂದಿನ ವರ್ಷ ಏರಿತು, ಹೊಣೆಯ ಮಿತಿಯನ್ನೂ ನಾನೇ 5 ಲಕ್ಷಕ್ಕೆ ಏರಿಸಿದೆ.

ಅಜ್ಜಿ ಈಗಲೂ ಸಂಜೆ ನಡೆಯುತ್ತಾರೆ. ಬಲಗೈಯ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ, ಬಾಗಿಲ ಗುಂಡನ್ನು ಎಡಗೈಯಲ್ಲಿ ತಿರುಗಿಸುತ್ತಾರೆ ಅಂತ ಮಗ ಹೇಳಿದ. ನವೆಂಬರ್‌ನಲ್ಲಿ ನಾನು ದಿನಾ ನಾಲ್ಕೂವರೆಗೆ ಎಲೆ ಗುಡಿಸುತ್ತೇನೆ, ಕತ್ತಲಾಗುವ ಮೊದಲು. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ, ಸ್ಟೀಲ್ ಸ್ಕೇಲ್ ನಿಲ್ಲಿಸಿ ಅಳೆದು ತಾರೀಕು ಸಮೇತ ಫೋಟೋ ಇಡುತ್ತೇನೆ. ಸಂದಿನ ಹಲಗೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡುತ್ತೇನೆ, ಇನ್ನೂ ಮೆತ್ತಗಿದೆ. ಹೋದ ತಿಂಗಳು ಅಳೆದಾಗ ಮರದ ಕಡೆಯ ಅಂಚು 3 ಮಿಲಿಮೀಟರ್ ಎದ್ದಿತ್ತು. ಮೇಸ್ತ್ರಿಗೆ ಫೋಟೋ ಕಳಿಸಿದ್ದೇನೆ, 6 ಆದರೆ ಅರೆಯಲು ಬರುತ್ತೇನೆ ಅಂದಿದ್ದಾರೆ.